ಅಳಿಯನಿಗೊಂದು ಕಾಗದ: ಡಿಶ್ ತೆಗೆಸುವ ಮುಂಚೆ

ಚಿ. ಮಂಜುವಿಗೆ ನಿನ್ನ ಮಾವನ ಆಶೀರ್ವಾದಗಳು.

ನಾವಿಲ್ಲಿ ಎಲ್ಲರೂ ಕ್ಷೇಮ. ಅಡಿಕೆ ಕೊಯ್ಲು ಶುರುವಾಗಿದೆ, ಆಳು ಸಿಗುತ್ತಿಲ್ಲ. ಅದು ಪ್ರತಿ ವರ್ಷದ ಗೋಳು, ಬಿಡು.

ಮೊನ್ನೆ ಫೋನಿನಲ್ಲಿ "ಡಿಶ್‌ಗೇ ತಿಂಗಳಿಗೆ ನಾನೂರು ಹೋಗ್ತಿದೆ ಮಾವ, ತೆಗೆಸಿಬಿಡ್ತೀನಿ" ಅಂದೆಯಲ್ಲ. ಮನೆ ಬಾಡಿಗೆ, ಪಾಪುವಿನ ಫೀಸು, ಗಾಡಿ ಕಂತು ಎಲ್ಲ ನನಗೆ ಗೊತ್ತು. ತೆಗೆಸು, ಬೇಡ ಅನ್ನುವುದಿಲ್ಲ. ಆದರೆ ಅದಕ್ಕೆ ಮುಂಚೆ ಒಂದು ವಾರ ಮನೆಯಲ್ಲಿ ಯಾರು ಏನು ನೋಡುತ್ತಾರೆ ಅಂತ ಸುಮ್ನೆ ಗಮನಿಸು. ಟಿವಿ ರಿಪೇರಿ ಅಂಗಡಿ ನಡೆಸಿದವನು ಹೇಳುತ್ತೇನೆ, ಇನ್ನೂರು ಚಾನೆಲ್ ಹಾಕಿಸಿಕೊಂಡ ಮನೆಯಲ್ಲೂ ಓಡುವುದು ನಾಲ್ಕೋ ಐದೋ.

ತಿಂಗಳ ದುಡ್ಡೇ ಇಲ್ಲದ್ದು ಅಂದರೆ ದೂರದರ್ಶನ, ಆಕಾಶವಾಣಿ ನಡೆಸುವ ಪ್ರಸಾರ ಭಾರತಿಯ ಡಿಡಿ ಫ್ರೀ ಡಿಶ್. 2004ರಲ್ಲೇ ಶುರುವಾದದ್ದು. ಅಂಗಡಿಯವರು ತಾವಾಗಿ ಅದರ ಹೆಸರು ಎತ್ತುವುದು ಕಡಿಮೆ, ರೀಚಾರ್ಜ್ ಕಮಿಷನ್ ಇಲ್ಲವಲ್ಲ! ಡಿಶ್, ಬಾಕ್ಸು, ವೈರು ಎಲ್ಲ ಸೇರಿ ಒಂದೂವರೆ ಎರಡು ಸಾವಿರದೊಳಗೆ ಮುಗಿಯುತ್ತದೆ. ಬಾಕ್ಸು ಮಾತ್ರ ಎಂಪೆಗ್-4 ಅಂತ ಕೇಳಿ ತಗೋ. ಹಳೇ ಎಂಪೆಗ್-2 ಬಾಕ್ಸು ಅಗ್ಗಕ್ಕೆ ಸಿಗುತ್ತದೆ, ಆದರೆ ಅದರಲ್ಲಿ ಕೆಲವು ಚಾನೆಲ್ ಬರುವುದಿಲ್ಲ.

ಕೂರಿಸುವುದು ನೀನೇ ಮಾಡಬಹುದು. ತಾರಸಿಯಿಂದ ಆಗ್ನೇಯಕ್ಕೆ ಆಕಾಶ ಬಯಲಾಗಿರಬೇಕು, ತೆಂಗಿನ ಗರಿ ಅಡ್ಡ ಬಂದರೂ ಆಗದು. ಬಾಕ್ಸಿನ ಮೆನುವಿನಲ್ಲಿ ಎರಡು ಪಟ್ಟಿ ಕಾಣುತ್ತವೆ. ಸ್ಟ್ರೆಂತ್ ಪಟ್ಟಿ ಡಿಶ್ ಎತ್ತ ತಿರುಗಿದರೂ ತುಂಬಿಕೊಂಡೇ ಇರುತ್ತದೆ, ಅದನ್ನು ನಂಬಬೇಡ. ಕ್ವಾಲಿಟಿ ಪಟ್ಟಿ ನೋಡು. ಡಿಶ್ಶನ್ನು ಕೂದಲೆಳೆಯಷ್ಟು ಅಲುಗಿಸು, ಎರಡು ಸೆಕೆಂಡು ಕಾಯಿ, ಮತ್ತೆ ಅಲುಗಿಸು. ಪಟ್ಟಿ ಏರಿದ ಜಾಗದಲ್ಲಿ ಬೋಲ್ಟ್ ಬಿಗಿ. ಡಿಶ್ಶಿನ ಎದುರು ಕೋಲಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಗೆ ವೈರು ಸೇರುವಲ್ಲಿ ಟೇಪು ಸುತ್ತುವುದು ಮರೆಯಬೇಡ. ಮಳೆನೀರು ಇಳಿದರೆ ಒಳಗಿನ ತಾಮ್ರ ಹಸಿರುಗಟ್ಟಿ ವೈರೇ ಹಾಳು.

ಇದರಲ್ಲಿ ಚಂದನ ಬರುತ್ತದೆ, ಆಕಾಶವಾಣಿಯೂ ಬರುತ್ತದೆ. ಹಿಂದಿ ಚಾನೆಲ್ಲುಗಳಂತೂ ಬೇಕಾದಷ್ಟು. ಇನ್ನು ನಿನ್ನ ಕ್ರಿಕೆಟ್. ಭಾರತದ ಪುರುಷರ ತಂಡ ಆಡುವ ಒನ್‌ಡೇ, ಟಿ20 ಪಂದ್ಯಗಳನ್ನು ಪ್ರಸಾರ ಭಾರತಿಯ ಜೊತೆ ಹಂಚಿಕೊಳ್ಳಬೇಕು ಅಂತ 2007ರ ಕಾಯ್ದೆಯೇ ಇದೆ. ಆ ಸಿಗ್ನಲ್ ಖಾಸಗಿ ಡಿಶ್, ಕೇಬಲ್ಲಿಗೆ ಹೋಗುವಂತಿಲ್ಲ ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಾಗಾಗಿ ದುಡ್ಡು ಕಟ್ಟುವವನಿಗೆ ಡಿಡಿಯಲ್ಲಿ ಕಾಣದ ಮ್ಯಾಚು ಫ್ರೀ ಡಿಶ್‌ನವನಿಗೆ ಕಾಣುತ್ತದೆ. ಐಪಿಎಲ್ ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ.

ಕಷ್ಟ ಇರುವುದು ನಿನ್ನಮ್ಮನ, ಅಂದರೆ ನನ್ನ ಅಕ್ಕನ, ಸೀರಿಯಲ್ಲಿನದು. ಉದಯ, ಜೀ ಕನ್ನಡ, ಕಲರ್ಸ್ ಕನ್ನಡ, ಸುವರ್ಣ ಇವೆಲ್ಲ ದುಡ್ಡಿನ ಚಾನೆಲ್ಲುಗಳು. ನಿನಗೆ ಕೈಯಲ್ಲಿ ಫೋನಿದೆ, ಆಫೀಸಿದೆ, ನಾಲ್ಕು ಜನ ಸ್ನೇಹಿತರಿದ್ದಾರೆ. ಮಂಡಿನೋವಿನವಳಿಗೆ ಸಂಜೆಯ ಆ ಎರಡು ಸೀರಿಯಲ್ ಬಿಟ್ಟರೆ ಇನ್ನೇನಿದೆ ಹೇಳು? ಕತ್ತರಿ ಮೊದಲು ಅದರ ಮೇಲೆ ಬೀಳುವುದು ಬೇಡ. ನಿನ್ನ ಸ್ಪೋರ್ಟ್ಸ್ ಪ್ಯಾಕ್ ಮೇಲೆ ಬೀಳಲಿ.

ಪ್ಯಾಕನ್ನೇ ಬಿಟ್ಟು, ಬೇಕಾದ ಚಾನೆಲ್ಲುಗಳನ್ನು ಬಿಡಿಬಿಡಿಯಾಗಿ ಆರಿಸಿಕೊಳ್ಳಬಹುದು. ಫೋನು, ಟಿವಿ ಕಂಪನಿಗಳಿಗೆ ನಿಯಮ ಮಾಡುವ ಸರ್ಕಾರಿ ಸಂಸ್ಥೆ ಟ್ರಾಯ್‌ನ ನಿಯಮದ ಪ್ರಕಾರ ಕಂಪನಿಯವರು ಇಲ್ಲ ಅನ್ನುವಂತಿಲ್ಲ. ಕಸ್ಟಮರ್ ಕೇರಿನವರು ಪ್ಯಾಕೇ ಲಾಭ ಅಂತ ಹತ್ತು ಸಲ ಹೇಳುತ್ತಾರೆ, ನೀನು ನಿನ್ನ ಪಟ್ಟಿಯನ್ನೇ ಓದು. ಚಾನೆಲ್ ಬೆಲೆಯ ಜೊತೆಗೆ ಕಂಪನಿಗೆ ತಿಂಗಳಿಗೆ ಕಟ್ಟುವ ನೆಟ್‌ವರ್ಕ್ ಶುಲ್ಕ 130 ರೂಪಾಯಿ, ತಲಾ 19ರ ಎರಡು ಚಾನೆಲ್ ಅಂದುಕೋ, ಒಟ್ಟು 168. ಶೇಕಡ 18 ಜಿಎಸ್‌ಟಿ ಸೇರಿ 198. ಈಗಿನ ಖರ್ಚಿನ ಅರ್ಧ, ಅಲ್ವಾ? ಆದರೆ ಆ ಶುಲ್ಕಕ್ಕೆ ಇದ್ದ 130ರ ಮಿತಿಯನ್ನು 2024ರಲ್ಲಿ ಟ್ರಾಯ್ ತೆಗೆದುಹಾಕಿದೆ. ನಿಮ್ಮ ಕಂಪನಿಯದು ಎಷ್ಟು ಅಂತ ಮೊದಲು ಕೇಳಿಕೋ.

ನ್ಯೂಸಿಗೆ ದುಡ್ಡು ಕಟ್ಟಲೇಬೇಡ. ಕನ್ನಡದ ನ್ಯೂಸ್ ಚಾನೆಲ್ಲುಗಳು ಯೂಟ್ಯೂಬಿನಲ್ಲಿ ಲೈವ್ ಬರುತ್ತವೆ. ಕ್ವಾಲಿಟಿ 480ಕ್ಕೆ ಇಳಿಸಿಕೊಂಡರೆ ಡೇಟಾ ಜಾಸ್ತಿ ಖರ್ಚಾಗದು. ಪ್ರಸಾರ ಭಾರತಿಯ ವೇವ್ಸ್ ಆ್ಯಪ್ ಕೂಡ ಇದೆ, ಅದನ್ನು ಹಾಕಿಕೊಳ್ಳಲು ದುಡ್ಡು ಬೇಡ. ಆದರೆ ಯಾರೋ ವಾಟ್ಸಾಪಿನಲ್ಲಿ "ಎಲ್ಲ ಚಾನೆಲ್ ಫ್ರೀ" ಅಂತ ಕಳಿಸುವ ಆ್ಯಪ್ ಮಾತ್ರ ಹಾಕಿಕೊಳ್ಳಬೇಡ. ಟಿವಿ ತೋರಿಸುವ ಆ್ಯಪಿಗೆ ನಿನ್ನ ಎಸ್ಸೆಮ್ಮೆಸ್ ಓದುವ ಪರ್ಮಿಷನ್ ಯಾಕೆ?

ಅಕ್ಕನನ್ನು ಕೂರಿಸಿಕೊಂಡು ಅವಳಿಗೆ ಬೇಕಾದ ಚಾನೆಲ್ ಬರೆದುಕೋ. ಚಂದನ ಸಾಕು ಅಂದರೆ ಫ್ರೀ ಡಿಶ್‌ಗೆ ಹೋಗು, ಸೀರಿಯಲ್ ಬೇಕು ಅಂದರೆ ಬಿಡಿ ಚಾನೆಲ್ ಹಾಕಿಸು. ಫ್ರೀ ಡಿಶ್ ಆದರೆ ಹೊಸ ಡಿಶ್ ಕೊಳ್ಳಬೇಡ, ನಮ್ಮ ಅಟ್ಟದಲ್ಲಿ ಎರಡಿವೆ. ತಾರಸಿಯಿಂದ ಟಿವಿಯವರೆಗೆ ಎಷ್ಟು ಮೀಟರ್ ವೈರು ಬೇಕು ಅಂತ ಅಳೆದು ಹೇಳು, ಜೊತೆಗೇ ಬಸ್ಸಿಗೆ ಹಾಕಿ ಕಳಿಸುತ್ತೇನೆ.

ಇಂತಿ,
ನಿನ್ನ ಮಾವ