ಬೆಂಚಿನ ಮೇಲಿನ ಬಸುರಿ

ಚಿ. ಸೌ. ವಿದ್ಯಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮನೆಯ ಸುದ್ದಿಯೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಬಿಡುತ್ತೇನೆ. ಫ್ಲೂ ಅಲೆ ಬಂದರೆ ನಿನ್ನ ಕ್ಲಿನಿಕ್ಕನ್ನು ಹೇಗೆ ಸಜ್ಜು ಮಾಡುವುದು ಅಂತ ಬರೆದ ನಿನ್ನ ಕಾಗದದ ಒಂದೇ ಸಾಲು ಎರಡು ದಿನದಿಂದ ತಲೆಯಲ್ಲಿ ಕೂತಿದೆ: "ತಿಂಗಳ ತಪಾಸಣೆಗೆ ಬಂದ ಬಸುರಿ ನನ್ನ ಬೆಂಚಿನ ಮೇಲೆ ಕೂತು, ಅಲ್ಲೇ ಫ್ಲೂ ಅಂಟಿಸಿಕೊಂಡು ಹೋದರೆ?" ಮಾತ್ರೆ ಸಾಕಾಗುತ್ತದೋ, ಮಾಸ್ಕ್ ಸಿಗುತ್ತದೋ ಅಂತ ಚಿಂತಿಸುವವರೇ ಹೆಚ್ಚು. ನಿನ್ನ ಹೆದರಿಕೆ ಸರಿಯಾದ ಜಾಗದಲ್ಲಿದೆ ಮಗಳೇ. 2009ರ ಎಚ್1ಎನ್1 ಫ್ಲೂ, ಅದೇ ಹಂದಿಜ್ವರ, ಬಸುರಿಯರನ್ನು ಬಹಳ ಕಾಡಿತು, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿದ್ದವರನ್ನು.

ಆ ವರ್ಷ ನಾನಿದ್ದ ಆಸ್ಪತ್ರೆಯಲ್ಲಿ ಔಷಧಿಯನ್ನು ಆವಿಯಂತೆ ಮಾಡಿ ಕೊಡುವ ನೆಬುಲೈಸರ್ ಯಂತ್ರ, ರೋಗಿಗಳು ಕಾಯುವ ಜಾಗದ ಮೂಲೆಯಲ್ಲೇ ಇತ್ತು. ಪ್ಲಗ್ ಪಾಯಿಂಟ್ ಅಲ್ಲಿತ್ತು, ಅಷ್ಟೇ ಕಾರಣ. ಉಬ್ಬಸದವರು ಅಲ್ಲಿ ಕೂತು ಆವಿ ಎಳೆದುಕೊಳ್ಳುತ್ತ ಕೆಮ್ಮುವಾಗ ಎರಡು ಮಾರು ದೂರದಲ್ಲಿ ಕೂಸು ಎತ್ತಿಕೊಂಡವರು ಕೂತಿರುತ್ತಿದ್ದರು. ತೆಗೆಸಿ ಅಂತ ಒಂದು ಮಾತು ಹೇಳಬಹುದಿತ್ತು, ಹೇಳಲಿಲ್ಲ. ನಿನ್ನ ಸಾಲು ಓದಿದಾಗ ಮೊದಲು ನೆನಪಾದದ್ದು ಆ ಮೂಲೆ. ನಿನ್ನಲ್ಲಿ ನೆಬುಲೈಸರ್ ಎಲ್ಲಿದೆ? ಆದಷ್ಟು ಮಟ್ಟಿಗೆ ಇನ್ಹೇಲರನ್ನು ಸ್ಪೇಸರ್ (ಬಾಯಿಗೆ ಹಿಡಿಯುವ ಕೊಳವೆ) ಹಾಕಿ ಕೊಡು, ಒಬ್ಬರಿಗೆ ಒಂದು ಸ್ಪೇಸರ್. ನೆಬುಲೈಸರ್ ಬೇಕೇಬೇಕು ಅನ್ನಿಸಿದರೆ ಹಿಂದಿನ ವರಾಂಡದಲ್ಲಿ ಹಾಕು.

ಬಾಗಿಲಲ್ಲಿ ಒಬ್ಬರನ್ನು ಕೂರಿಸು. ಚೀಟಿ ಬರೆಯುವ ಮೊದಲು ಎರಡೇ ಪ್ರಶ್ನೆ: ಜ್ವರ ಇದೆಯಾ, ಕೆಮ್ಮು ಅಥವಾ ಗಂಟಲು ನೋವು ಇದೆಯಾ? ಹೌದು ಅಂದವರಿಗೆ ಅಲ್ಲೇ ಮೂರು ಪದರದ ಮಾಸ್ಕ್ ಕೊಟ್ಟು ಹೊರಗೆ ಸೂರಿನ ಕೆಳಗಿನ ಬೆಂಚಿಗೆ ಕಳಿಸಲಿ. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಒಂದು ಮೀಟರ್ ಜಾಗ ಬೇಕು. ಬಸುರಿಯರಿಗೂ ಲಸಿಕೆಯ ಕೂಸುಗಳಿಗೂ ಬೆಳಗಿನ ಹೊತ್ತು, ಜ್ವರದವರಿಗೆ ಕೊನೆಯ ಹೊತ್ತು ಇಟ್ಟರೆ ರಾತ್ರಿಯಿಡೀ ಕೋಣೆಗೆ ಗಾಳಿಯಾಡುತ್ತದೆ. ಏದುಸಿರು, ಎದೆನೋವು, ಮಂಪರು, ಕಫದಲ್ಲಿ ರಕ್ತ, ನೀಲಿಗಟ್ಟಿದ ಉಗುರು, ಹಾಲು ಕುಡಿಯದ ಕೂಸು, ಇವರಿಗೆ ಮಾತ್ರ ಸರದಿ ಬೇಡ. ಬಂದ ತಕ್ಷಣ ನೋಡಿ ದೊಡ್ಡಾಸ್ಪತ್ರೆಗೆ ಕಳಿಸು.

ಇಷ್ಟಾದರೂ ನಿನ್ನ ಹೆದರಿಕೆ ಪೂರ್ತಿ ಹೋಗುವುದಿಲ್ಲ, ಸುಳ್ಳು ಸಮಾಧಾನ ಹೇಳಲಾರೆ. ಫ್ಲೂ ತಗುಲಿದವರು ಜ್ವರ ಕಾಣುವುದಕ್ಕೆ ಒಂದು ದಿನ ಮೊದಲೇ ಹರಡಲು ಶುರು ಮಾಡುತ್ತಾರೆ, ಬಾಗಿಲಲ್ಲಿ ಕೇಳಿದರೆ ಅವರು ಸಿಕ್ಕುವುದಿಲ್ಲ. ಹೊಸ ತಳಿ ಬಂದಾಗ ಹಳೆಯ ಲಸಿಕೆಯನ್ನು ನೆಚ್ಚಿಕೊಳ್ಳುವಂತಿಲ್ಲ, ಹೊಸದು ಕೈಗೆ ಬರಲು ತಿಂಗಳುಗಳೇ ಬೇಕು. ಹಾಗಾಗಿ ಒಳಗಿನ ಬೆಂಚಿಗೂ ಗಾಳಿ ಬೇಕು. ಸೀಲಿಂಗ್ ಫ್ಯಾನೂ ಎಸಿಯೂ ಒಳಗಿರುವ ಗಾಳಿಯನ್ನೇ ತಿರುಗಿಸುತ್ತವೆ. ಬೆಂಚಿನ ಪಕ್ಕದ ಗೋಡೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿ ಎದುರಿನ ಕಿಟಕಿ ತೆರೆದಿಡು. ಮಳೆಯ ಎರಚಲು ಅಂತ ಕಿಟಕಿ ಮುಚ್ಚಿದರೆ ಫ್ಯಾನು ಶೌಚಾಲಯದ ಕಡೆಯ ಗಾಳಿ ಎಳೆಯಲು ಶುರು ಮಾಡುತ್ತದೆ. ನಮ್ಮಲ್ಲಿ ಫ್ಲೂ ಏರುವುದೂ ಮಳೆಗಾಲದಲ್ಲೇ ಅಲ್ಲವೇ, ಕಿಟಕಿಯ ಮೇಲೊಂದು ತಗಡಿನ ಇಳಿಜಾರು ಈಗಲೇ ಹೊಡೆಸಿಬಿಡು. ನಿನ್ನ ಕುರ್ಚಿ ಕಿಟಕಿಯ ಕಡೆಗಿರಲಿ, ರೋಗಿ ಎಕ್ಸಾಸ್ಟ್ ಕಡೆಗೆ.

ಬೆಂಚು ಒರೆಸುವುದರಲ್ಲೂ ತಪ್ಪಾಗುತ್ತದೆ. ಮೊದಲು ಸೋಪಿನ ನೀರು, ಕೊಳೆ ಇದ್ದರೆ ಬ್ಲೀಚಿನ ಕ್ಲೋರಿನ್ ಅದಕ್ಕೇ ಖರ್ಚಾಗಿ ಹೋಗುತ್ತದೆ. ಆಮೇಲೆ ಲೀಟರ್ ನೀರಿಗೆ 30 ಗ್ರಾಂ ಬ್ಲೀಚಿಂಗ್ ಪೌಡರ್, ಸುಮಾರು ಶೇ 1ರ ದ್ರಾವಣವಾಗುತ್ತದೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳ ಕಂಡ ಮೇಲೆ ತಿಳಿ ನೀರು ಬಳಸಿ, ಹತ್ತು ನಿಮಿಷ ಬೆಂಚು ಒದ್ದೆಯಾಗಿಯೇ ಇರಲಿ. ದಿನಾ ಹೊಸದು ಮಾಡಬೇಕು. ಚೀಲ ಬಾಯಿ ಬಿಟ್ಟಿದ್ದರೆ ಮಲೆನಾಡಿನ ತೇವಕ್ಕೆ ಪುಡಿ ಸತ್ವ ಕಳೆದುಕೊಳ್ಳುತ್ತದೆ. ಇದಕ್ಕೆ ಆಸಿಡ್ ಬೆರೆಸಲು ಯಾರಿಗೂ ಬಿಡಬೇಡ, ವಿಷಗಾಳಿ ಏಳುತ್ತದೆ.

ಮಾಸ್ಕಿನ ಲೆಕ್ಕ ಹೇಳಿಬಿಡುತ್ತೇನೆ. ನೀವು ಮೂವರಿಗೆ ದಿನಕ್ಕೆ ಎರಡೆರಡು, ಜ್ವರದವರು ಹದಿನೈದು ಜನ ಅಂದರೂ 21 ಆಯಿತು. ತಿಂಗಳಿನ 26 ಕೆಲಸದ ದಿನಕ್ಕೆ 546. ಎರಡು ತಿಂಗಳದ್ದು ಈಗಲೇ ತೆಗೆದಿಡು, ಅಲೆ ಎದ್ದ ಮೇಲೆ ಸಿಗುವುದಿಲ್ಲ. ಚಿಕ್ಕ ಬಿ ಟೈಪ್ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್ ಆಕ್ಸಿಜನ್, ನಿಮಿಷಕ್ಕೆ 5 ಲೀಟರ್ ಬಿಟ್ಟರೆ ಐದು ಗಂಟೆ. ಅದನ್ನು ತೆರೆಯುವ ಕೀಲಿಯನ್ನು ಸಿಲಿಂಡರಿಗೇ ಕಟ್ಟಿಡಿ. ಇದೆಲ್ಲ ನಿನಗೆ ಗೊತ್ತಿಲ್ಲದ್ದೇನಲ್ಲ, ಮುದುಕನ ಕೈ ಸುಮ್ಮನಿರುವುದಿಲ್ಲ.

ಮತ್ತೆ ಆ ಬಸುರಿಯೇ ಕಣ್ಣಿಗೆ ಕಟ್ಟುತ್ತಾಳೆ. ಅವಳಿಗೆ ಜ್ವರ, ಕೆಮ್ಮು ಬಂದರೆ ಪರೀಕ್ಷೆಯ ವರದಿಗೆ ಕಾಯಬೇಡ. ಫ್ಲೂ ಔಷಧಿ ಓಸೆಲ್ಟಾಮಿವಿರ್ 75 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಐದು ದಿನ. ಮೊದಲ 48 ಗಂಟೆಯೊಳಗೆ ಶುರುವಾದರೆ ಹೆಚ್ಚು ಗುಣ. ಜ್ವರ ಬಂದರೆ ಬೆಂಚಿಗೆ ಬರುವ ಮೊದಲು ಫೋನ್ ಮಾಡು ಅಂತ ಅವಳ ತಾಯಿ ಕಾರ್ಡಿನ ಮೇಲೆ ನಿನ್ನ ಕೈಯಾರೆ ಬರೆದುಕೊಡು. ನಿಮ್ಮ ಕಾಂಪೌಂಡರಿಗೆ ಜ್ವರ ಬಂದ ದಿನ ಸಂಬಳ ಕತ್ತರಿಸದೆ ಮನೆಗೆ ಕಳಿಸು, ಇಲ್ಲದಿದ್ದರೆ ಮುಚ್ಚಿಟ್ಟುಕೊಂಡು ಬಂದು ಆ ಬಾಗಿಲಲ್ಲೇ ಕೂರುತ್ತಾನೆ.

ನಾಳೆ ಬಾಗಿಲು ತೆರೆಯುವ ಮೊದಲು ಒಳಗಿನ ಬೆಂಚಿನ ಮೇಲೆ ಒಂದು ಊದುಬತ್ತಿ ಹಚ್ಚಿಡು, ಕಿಟಕಿ ತೆರೆದು ಒಮ್ಮೆ, ಮುಚ್ಚಿ ಒಮ್ಮೆ. ಹೊಗೆ ಎಲ್ಲಿ ಸುತ್ತಿ ನಿಲ್ಲುತ್ತದೆ ಅಂತ ನೋಡಿ ನನಗೆ ಬರೆ.

ನಿನ್ನ
ದೊಡ್ಡಪ್ಪ