ಮಗಳಿಗೊಂದು ಪತ್ರ: ಡ್ರಾ ಆಗೋ ಆಟನ ಯಾಕೆ ಬಿಟ್ಕೊಟ್ಟೆ?

ಪುಟ್ಟೀ,

ನಾನು ಫೋನ್ ಕಟ್ ಮಾಡಿದ್ಮೇಲೆ ನೀನು ಎತ್ತಲ್ಲ ಅಂತ ಗೊತ್ತು, ಅದಕ್ಕೆ ವಾಟ್ಸಾಪಲ್ಲಿ ಬರೀತಿದೀನಿ, ಉದ್ದ ಆಯ್ತು ಅಂತ ಓದದೆ ಬಿಡ್ಬೇಡ. ಟೂರ್ನಮೆಂಟಲ್ಲಿ ಡ್ರಾ ಆಗೋ ಆಟ ಬಿಟ್ಕೊಟ್ಟು ಬಂದು, ಇನ್ನು ಚೆಸ್ಸೇ ಬಿಡ್ತೀನಿ ಅಂದ್ಯಲ್ಲ, ಆ ಮಾತಿಗೆ ಜೋರು ಮಾಡಿದ್ದು. ಬೇಜಾರಾಗಿದ್ರೆ ಸಾರಿ, ದನಿ ಏರಿದ್ದಕ್ಕೆ ಮಾತ್ರ.

ಸೋತಿದ್ದಕ್ಕಲ್ಲ ಕಣೆ. ನೀನು ಕಳ್ಸಿದ, ಮೂವ್ ಎಲ್ಲಾ ಬರ್ದಿರೋ ಸ್ಕೋರ್‌ಶೀಟ್ ಇಟ್ಕೊಂಡು ರಾತ್ರಿ ಬೋರ್ಡ್ ಜೋಡಿಸ್ದೆ, ಈ ಮಳೇಲಿ ಸೋಮವಾರಪೇಟೆಗೆ ಕರೆಂಟ್ ಎಲ್ಲಿ, ಅಮ್ಮ ಟಾರ್ಚ್ ಹಿಡಿದ್ಲು. ನಿನ್ ಎದುರಾಳಿಗೆ ಒಂದು ಪಾನ್ (ಕಾಲಾಳು) ಜಾಸ್ತಿ, ಸರಿ. ಆದ್ರೆ ನಿನ್ ರಾಜ ಇ8 ಮನೇಲಿ ಅದರ ದಾರಿಗೆ ಅಡ್ಡ ಕೂತಿದ್ದಾನೆ, ನಿನ್ ಆನೆ ಆರನೇ ಸಾಲಲ್ಲಿದೆ, ಪಾನ್ ಇನ್ನೂ ಇ5. ಫಿಲಿಡಾರ್ ಪೊಸಿಷನ್ ಅಲ್ವೇನೆ ಇದು! 1777ರಲ್ಲೇ ಫಿಲಿಡಾರ್ ಅನ್ನೋ ಫ್ರೆಂಚ್‌ನವ್ನು ಬರ್ದಿಟ್ಟ ಡ್ರಾ. ಆನೆನ ಆರನೇ ಸಾಲಲ್ಲೇ ಆಕಡೆ ಈಕಡೆ ಆಡಿಸ್ತಿದ್ರೆ ಅವ್ನ ರಾಜ ಮುಂದೆ ಬರೋಕಾಗಲ್ಲ, ಬೇರೆ ದಾರಿ ಕಾಣ್ದೆ ಪಾನನ್ನ ಇ6ಕ್ಕೆ ತಳ್ಳಿದ ಕೂಡ್ಲೇ ಆನೆನ ಒಂದನೇ ಸಾಲಿಗೆ ಇಳಿಸಿ ಹಿಂದಿಂದ ಚೆಕ್ ಮೇಲೆ ಚೆಕ್, ರಾಜಂಗೆ ಅವಿತ್ಕೊಳ್ಳೋಕೆ ಜಾಗನೇ ಇರಲ್ಲ. ಹೇಗೆ ಆಡಿ ನೋಡಿದ್ರೂ ಬಿಳಿ ಆಡ್ತಿರೋ ಅವ್ನು ಗೆಲ್ಲಲ್ಲ. ನೀನು ಸೋಲೊಪ್ಪಿ ಕೈ ಕುಲುಕಿ ಎದ್ದುಬಿಟ್ಟೆ.

ನಿಂಗಿಂತ 200 ರೇಟಿಂಗ್ ಜಾಸ್ತಿ ಇರೋನು, ಲೆಕ್ಕದಲ್ಲಿ ಅಂಥೋರ ಹತ್ರ ನಾಲ್ಕಾಟಕ್ಕೆ ಒಂದು ಪಾಯಿಂಟ್ ಸಿಕ್ಕಿದ್ರೆ ಅದೇ ಹೆಚ್ಚು, ಅವ್ನನ್ನ ಕಪ್ಪಲ್ಲಿ ಅಲ್ಲಿವರ್ಗೂ ಎಳ್ಕೊಂಡು ಹೋದ್ಯಲ್ಲ! 18ನೇ ಮೂವಲ್ಲಿ ಕುದುರೆನ ವಾಪಸ್ ಡಿ8ಕ್ಕೆ ಇಟ್ಟಿದ್ದು ನೋಡಿ ಶಭಾಷ್ ಅಂದೆ, ಅಮ್ಮಂಗೇನೂ ಅರ್ಥ ಆಗ್ಲಿಲ್ಲ. ನಾಳೆ ಕ್ಲಬ್ಬಲ್ಲಿ ಎಲ್ರಿಗೂ ತೋರಿಸ್ತೀನಿ, ಕೊನೇದೊಂದು ಬಿಟ್ಟು.

ಕೊಡಗಲ್ಲಿ ಗುಡ್ಡ ಕುಸಿದ 2018ರ ಮಳೆ ವಿಷಯ ತೆಗಿಯಲ್ಲ, ನಿಂಗೂ ಗೊತ್ತು ನಂಗೂ ಗೊತ್ತು. ನನ್ ಭಯ ಬೇರೆ. ಪಿಯುಸಿಲಿ ಪೇಪರ್ ಕಷ್ಟ ಅಂತ ನೀನು ಮುಂಚೆನೇ ಎದ್ದು ಬಂದಿದ್ದೆ, ಪಾಸಾದೆ ಬಿಡು, ಆದ್ರೂ. ಮೊನ್ನೆ ಆಫೀಸಿನ ವಿಷಯಕ್ಕೂ "ಆಗಲ್ಲ ಅನ್ಸುತ್ತಪ್ಪಾ" ಅಂದೆ. ಆಗಲ್ಲ ಅಂತ ಎದುರಿನೋರು ತೋರಿಸ್ಲಿ, ಅವ್ರ ಕೆಲಸ ನೀನ್ಯಾಕೆ ಮಾಡ್ಕೊಡ್ತೀಯಾ? ಗಡಿಯಾರದಲ್ಲಿ ಇನ್ನೂ ಹನ್ನೊಂದು ನಿಮಿಷ ಇತ್ತಂತೆ, ನೀರು ಕುಡ್ದು, ಒಂದ್ಸಲ ಓಡಾಡ್ಕೊಂಡು ಬಂದು... ನೋಡು, ಬೈಯಲ್ಲ ಅಂತ ಕೂತು ಮತ್ತೆ ಶುರು ಮಾಡ್ದೆ.

ಕಾಫಿ ಪುಡಿ, ಕಣಿಲೆ ಉಪ್ಪಿನಕಾಯಿ ನಾಳೆ ಮೈಸೂರು ಬಸ್ಸಲ್ಲಿ ಕಳಿಸ್ತೀನಿ, ಸ್ಟ್ಯಾಂಡಿಗೆ ಹೋಗಿ ತಗೋ. ಮುಂದಿನ ರೌಂಡ್ ಭಾನುವಾರ ಅಂತಲ್ಲ, ಹೋಗೋದು ಬಿಡೋದು ನಿನ್ನಿಷ್ಟ ಅಂತ ಬರಿ ಅಂದ್ಲು ಅಮ್ಮ. ನಾನು ಬರೆಯಲ್ಲ. ಹೋಗು.

ಅಪ್ಪ