ರಾಗಿ ಹಿಟ್ಟು ಬೇಡ, ಹೆಲ್ಮೆಟ್ ಇರಲಿ

ಪುಟ್ಟೀ,

ಉಗಾಂಡದ ಫೋರ್ಟ್ ಪೋರ್ಟಲ್ ಊರಿನ ಕಡೆ ಹೋಗುವುದಕ್ಕೆ ನೀನು ಕಳಿಸಿದ ಸಾಮಾನಿನ ಪಟ್ಟಿಯನ್ನು ನಾನೂ ಅಮ್ಮನೂ ಕೂತು ನೋಡಿದೆವು. ಅಮ್ಮ ಅದರ ಪಕ್ಕದಲ್ಲಿ ತನ್ನದೂ ಒಂದು ಪಟ್ಟಿ ಬರೆದಿದ್ದಾಳೆ. ಎರಡನ್ನೂ ತುಂಬಿದರೆ ಉಗಾಂಡಕ್ಕೆ ಲಾರಿ ಮಾಡಬೇಕಾಗುತ್ತದೆ. ನನ್ನ ಲೆಕ್ಕ ಇಷ್ಟೇ. ಅಲ್ಲಿಯ ಸಂತೆಯಲ್ಲಿ ಸಿಗುವುದನ್ನು ಇಲ್ಲಿಂದ ಹೊರಬೇಡ. ಬಕೆಟ್, ಬೇಸಿನ್, ನೀರಿನ ಕ್ಯಾನು, ಗಂಬೂಟು ಎಲ್ಲಾ ಅಲ್ಲೇ ಕೊಂಡುಕೋ. ಯಾವುದು ಇಲ್ಲದಿದ್ದರೆ ಪದೇ ಪದೇ ಪಕ್ಕದ ಮನೆ ಬಾಗಿಲು ತಟ್ಟಬೇಕಾಗುತ್ತದೋ ಅದನ್ನು ಮಾತ್ರ ತುಂಬು.

ಮೊದಲು ಹಳದಿ ಜ್ವರದ ಲಸಿಕೆ. ಹೊರಡುವುದಕ್ಕೆ ಕನಿಷ್ಠ 10 ದಿನ ಮುಂಚೆ ಹಾಕಿಸಿಕೋ. ಒಂದು ಸಲ ಹಾಕಿಸಿದರೆ ಸರ್ಟಿಫಿಕೇಟ್ ಜೀವನಪೂರ್ತಿ ನಡೆಯುತ್ತದೆ. ಆ ಹಳದಿ ಪುಸ್ತಕ ಪಾಸ್‌ಪೋರ್ಟ್ ಜೊತೆ ಕೈಚೀಲದಲ್ಲೇ ಇರಲಿ. ಅದಿಲ್ಲದೆ ವಾಪಸ್ ಬಂದರೆ ನಮ್ಮ ಏರ್‌ಪೋರ್ಟಿನವರೇ 6 ದಿನದವರೆಗೆ ಬೇರೆ ಇಟ್ಟುಬಿಡಬಹುದು. ಮಲೇರಿಯಾ ಮಾತ್ರೆಯನ್ನೂ ಈಗಲೇ ಡಾಕ್ಟರ ಹತ್ತಿರ ಕೇಳು, ಕೆಲವನ್ನು ಹೊರಡುವ ಮುಂಚೆಯೇ ಶುರು ಮಾಡಬೇಕು. ಔಷಧಿ ಹಚ್ಚಿದ ಸೊಳ್ಳೆಪರದೆ ಅಲ್ಲೂ ಸಿಗುತ್ತದೆ. ಆದರೆ ಅದನ್ನು ಕಟ್ಟುವುದಕ್ಕೆ ಮೊದಲ ರಾತ್ರಿಯೇ ದಾರ, ಮೊಳೆ ಬೇಕಲ್ವಾ? ಅವನ್ನು ಯಾರ ಪಟ್ಟಿಯಲ್ಲೂ ಬರೆದಿರುವುದಿಲ್ಲ, ನೀನೇ ಇಟ್ಟುಕೋ.

ಕರೆಂಟಿನ ವಿಷಯಕ್ಕೆ ಬರುತ್ತೇನೆ. ಲೈನ್‌ಮನ್ ಅಪ್ಪ ಇದನ್ನು ಹೇಳದಿದ್ದರೆ ಹೇಗೆ! ಅಲ್ಲಿಯದೂ 240 ವೋಲ್ಟೇ, ನಿನ್ನ ಚಾರ್ಜರಿಗೆ ಏನೂ ಆಗುವುದಿಲ್ಲ. ಆದರೆ ನಮ್ಮ ಪಿನ್ನು ಗುಂಡಗೆ, ಅವರದು ಮೂರೂ ಚಪ್ಪಟೆ. ನಾಲ್ಕು ವಸ್ತುವಿಗೆ ನಾಲ್ಕು ಪಿನ್ ಕನ್ವರ್ಟರ್ ಕೊಂಡು ಸುಮ್ನೆ ದುಡ್ಡು ಹಾಳು ಮಾಡಬೇಡ. ಒಂದು ಕನ್ವರ್ಟರ್, ಅದಕ್ಕೆ ನಮ್ಮ ಕಡೆಯದೇ ಒಂದು ಎಕ್ಸ್‌ಟೆನ್ಷನ್ ಬೋರ್ಡ್, ಎಲ್ಲಾ ಅದರಲ್ಲೇ ನಡೆಯುತ್ತದೆ. ಪವರ್ ಬ್ಯಾಂಕ್ ದೊಡ್ಡ ಬ್ಯಾಗಿನಲ್ಲಿ ಇಡುವಂತಿಲ್ಲ, ಕೈಚೀಲಕ್ಕೆ ಹಾಕು. ಫೋರ್ಟ್ ಪೋರ್ಟಲ್ ಸಮಭಾಜಕ ವೃತ್ತದ ಪಕ್ಕದಲ್ಲೇ ಇರುವುದರಿಂದ ವರ್ಷವಿಡೀ ಏಳು ಗಂಟೆ ಸುಮಾರಿಗೇ ಕತ್ತಲು. ಪಾಯಿಖಾನೆ ಮನೆಯಿಂದ ಆಚೆ. ರಾತ್ರಿ ತ್ರೀ ಫೇಸ್ ಬಂದಾಗ ಗದ್ದೆಗೆ ನೀರು ಬಿಡಲು ಚಿಕ್ಕಪ್ಪ ತಲೆಗೆ ಟಾರ್ಚ್ ಕಟ್ಟಿಕೊಂಡು ಹೋಗುತ್ತಾನಲ್ಲ, ಅಂಥದ್ದೇ ಒಂದು ತಗೋ. ಎರಡೂ ಕೈ ಖಾಲಿ ಇರುತ್ತವೆ.

ಈಗ ನಿನಗೆ ಬೇಜಾರಾಗುವ ಮಾತು: ಇಸ್ತ್ರಿ. ಅಲ್ಲಿ ಮ್ಯಾಂಗೋ ಫ್ಲೈ ಅಂತ ಒಂದು ನೊಣ ಇದೆ. ಹೊರಗೆ ಒಣಹಾಕಿದ ಒದ್ದೆ ಬಟ್ಟೆಯ ಮೇಲೆ ಮೊಟ್ಟೆ ಇಡುತ್ತದೆ. ಆ ಬಟ್ಟೆ ತೊಟ್ಟರೆ ಮರಿಹುಳ ಚರ್ಮದೊಳಗೆ ಹೊಕ್ಕು ಕುರುವಿನ ಹಾಗೆ ಊದಿಕೊಳ್ಳುತ್ತದೆ. ಬಿಸಿ ಇಸ್ತ್ರಿಗೆ ಮೊಟ್ಟೆ ಸಾಯುತ್ತದೆ. ಅದಕ್ಕೇ ಒಳಬಟ್ಟೆ, ಟವೆಲ್ಲು, ಹಾಸಿಗೆಯ ಹೊದಿಕೆ ಎಲ್ಲಕ್ಕೂ ಎರಡೂ ಮಗ್ಗುಲಿಗೆ ಇಸ್ತ್ರಿ ಹಾಕಲೇಬೇಕು. ಹೊಲಿಗೆ ಇರುವ ಕಡೆ, ಸೊಂಟದ ಎಲಾಸ್ಟಿಕ್ ಹತ್ತಿರ ಸ್ವಲ್ಪ ಜಾಸ್ತಿ ಹೊತ್ತು ಒತ್ತು. ಅಜ್ಜಿ ಮನೆಯಲ್ಲಿದ್ದಂಥ ಇದ್ದಿಲಿನ ಇಸ್ತ್ರಿ ಪೆಟ್ಟಿಗೆ ಅಲ್ಲಿ ಈಗಲೂ ಬಳಕೆಯಲ್ಲಿದೆ. ಇಸ್ತ್ರಿ ತಡೆಯುವ ಹತ್ತಿ ಬಟ್ಟೆಯನ್ನೇ ಒಯ್ಯಿ. ಮಂಡಿ ಮುಚ್ಚುವ ಲಂಗ, ಚೂಡಿದಾರ್ ಸರಿಹೋಗುತ್ತವೆ. ಒಂದು ಸ್ವೆಟರೂ ಇರಲಿ. ಆ ಊರು ನಮ್ಮ ಚಿಕ್ಕಮಗಳೂರಿಗಿಂತ ಎತ್ತರದಲ್ಲಿದೆ, ಸುತ್ತ ಟೀ ತೋಟ, ರಾತ್ರಿ ಚಳಿ.

ಅಮ್ಮನ ಐದು ಕೆಜಿ ರಾಗಿ ಹಿಟ್ಟನ್ನು ನಾನು ಹೊಡೆದುಹಾಕಿದ್ದೇನೆ. ರಾಗಿ ನಮ್ಮ ದೇಶಕ್ಕೆ ಬಂದದ್ದೇ ಪೂರ್ವ ಆಫ್ರಿಕಾದ ಆ ಎತ್ತರದ ಕಡೆಯಿಂದ, ಅದೂ ಸಾವಿರಾರು ವರ್ಷಗಳ ಹಿಂದೆ. ನೀನು ಹೋಗುವ ಪಶ್ಚಿಮ ಉಗಾಂಡದಲ್ಲಿ ರಾಗಿ ಹಿಟ್ಟಿಗೆ ಮರಗೆಣಸಿನ ಹಿಟ್ಟು ಬೆರೆಸಿ ಮುದ್ದೆ ತಿರುವುತ್ತಾರೆ. 'ಕಾಲೊ' ಅಂತಾರೆ. ತವರಿಗೇ ರಾಗಿ ಹೊತ್ತುಕೊಂಡು ಹೋಗಬೇಕಾ? ಅಮ್ಮ ನಗಲೂ ಇಲ್ಲ, ಒಪ್ಪಲೂ ಇಲ್ಲ. ಕಡಲೆಕಾಯಿ, ಹುರುಳಿಕಾಯಿ ಬೀಜ, ಬಾಳೆ ಧಾರಾಳ. ಆದರೆ ಅವರ ಅಡುಗೆಯಲ್ಲಿ ಖಾರ ಕಮ್ಮಿ. ಸಾರಿನ ಪುಡಿ, ಚಟ್ನಿಪುಡಿ, ಇಂಗು ಒಯ್ಯಿ. ಎಣ್ಣೆ ಉಪ್ಪಿನಕಾಯಿ ಮಾತ್ರ ಬೇಡ, ಸೋರಿದರೆ ಬಟ್ಟೆಯೆಲ್ಲಾ ಹೋಯಿತು.

ಈ ಮಾತು ಅಮ್ಮ ಬರೆಸುತ್ತಿದ್ದಾಳೆ: ಪ್ಯಾಡ್ ಬದಲು ಮುಟ್ಟಿನ ಕಪ್, ಇಲ್ಲವೇ ಒಗೆದು ಬಳಸುವ ಬಟ್ಟೆಯದು ಇಟ್ಟುಕೋ. ಹಳ್ಳಿಗೆ ಕಸದ ಗಾಡಿ ಬರುವುದಿಲ್ಲ, ಎಸೆಯುವುದು ಎಲ್ಲಿಗೆ?

ಡಾಲರ್ ತಗೊಳ್ಳುವಾಗ ಹೊಸ, ಗರಿಗರಿ ನೋಟೇ ಕೇಳು. ಹಳೇ ಸೀರೀಸಿನದು, ಹರಿದದ್ದು, ಪೆನ್ನಿನಲ್ಲಿ ಗೀಚಿದ್ದು ಅಲ್ಲಿ ಓಡುವುದು ಕಷ್ಟ. ನೂರರ ನೋಟಿಗೆ ಚಿಲ್ಲರೆ ನೋಟಿಗಿಂತ ಒಳ್ಳೇ ರೇಟು.

ಕೊನೆಗೆ ಹೆಲ್ಮೆಟ್. ಅಲ್ಲಿ ಹಳ್ಳಿಗಳಿಗೆ ಓಡಾಟವೆಲ್ಲ ಬೋಡಾ ಬೋಡಾ ಅನ್ನುವ ಬಾಡಿಗೆ ಬೈಕಿನಲ್ಲಿ. ಮಣ್ಣಿನ ರಸ್ತೆ, ಮಳೆ ಬಂದರೆ ಜಾರುತ್ತದೆ. ಹಿಂದೆ ಕೂತವರಿಗೆ ಅವರು ಹೆಲ್ಮೆಟ್ ಕೊಡುವುದು ಅಪರೂಪ. ನಿನ್ನ ಸ್ಕೂಟಿಯ ಹೆಲ್ಮೆಟ್ಟನ್ನೇ ಒಯ್ಯಿ, ಒಳಗೆ ಸಾಕ್ಸು ತುಂಬಿದರೆ ಜಾಗವೂ ದಂಡವಾಗುವುದಿಲ್ಲ. ಬ್ಯಾಗಿನಲ್ಲಿ ಹಿಡಿಸದಿದ್ದರೆ ಕೈಯಲ್ಲಿ ಹಿಡಿದುಕೊಂಡೇ ವಿಮಾನ ಹತ್ತು, ನೋಡಿದವರು ನಕ್ಕರೆ ನಗಲಿ. ಭಾನುವಾರ ಬರುವಾಗ ತೂಕದ ಮಷೀನ್ ತರುತ್ತೇನೆ. ಅಷ್ಟರಲ್ಲಿ ಒಂದು ಸಲ ತುಂಬಿ ನೋಡಿರು.

ಇಂತಿ,
ಅಪ್ಪ